ಅಪ್ಪನ ಮಾರಿಸ್ ಮೈನರ್‌ಗೆ ಜಿಪ್ಸಿ ಎಂಜಿನ್ ಕೂರಿಸಿದ ಹುಬ್ಬಳ್ಳಿ ಗ್ಯಾರೇಜ್

ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನ ಹಿಂದೆ ಒಂದು ಗ್ಯಾರೇಜ್ ಇದೆ. ಬೋರ್ಡ್ ಇಲ್ಲ. ತಗಡಿನ ಶೆಡ್ಡು, ಮುಂದೆ ಒಂದು ಬೇವಿನ ಮರ, ಮರದ ಕೆಳಗೆ ಯಾವಾಗಲೂ ಒಂದೆರಡು ಹಳೆ ಜೀಪು. ನಡೆಸುವವರಿಗೆ ಅರವತ್ತು ದಾಟಿದೆ. ಹುಡುಗರು ಉಸ್ತಾದ್ ಅನ್ನುತ್ತಾರೆ, ನಾನು ಚಾಚಾ ಅನ್ನುತ್ತೇನೆ. ನಮ್ಮ ಅಪ್ಪನ 1959ರ ಮಾರಿಸ್ ಮೈನರ್ ಅನ್ನೋ ಪುಟ್ಟ ಇಂಗ್ಲಿಷ್ ಕಾರಿನಿಂದ 948 ಸಿಸಿ ಎಂಜಿನ್ ಇಳಿಸಿ, ಮಾರುತಿ ಜಿಪ್ಸಿಯ 1298 ಸಿಸಿ ಎಂಜಿನ್ ಕೂರಿಸಿ ಕೊಟ್ಟವರು ಇವರು. ಗಾಡಿ ಕೈಗೆ ಬಂದು ಎಂಟು ತಿಂಗಳಾಯಿತು. ಧಾರವಾಡದಿಂದ ಗದಗಕ್ಕೆ ಮೂವತ್ತು ಸಲ ಹೋಗಿ ಬಂದಿದ್ದೇನೆ. ಒಮ್ಮೆ ಅಂಕೋಲೆಗೂ ಹೋಗಿದ್ದೇನೆ. ಇಷ್ಟು ಓಡಿಸಿದ ಮೇಲೆ ಬರೆದರೆ ಬೇರೆಯವರಿಗೆ ಉಪಯೋಗ ಆಗುತ್ತೆ ಅಂತ ಈಗ ಬರೆಯುತ್ತಿದ್ದೇನೆ.

ಮೊದಲು ನಾನು ಯಾಕೆ ಈ ಕೆಲಸಕ್ಕೆ ಕೈ ಹಾಕಿದೆ ಅಂತ ಹೇಳಿಬಿಡುತ್ತೇನೆ. ಹಳೆ ಕಾರು ಇಟ್ಟವರಲ್ಲಿ ಅರ್ಧ ಜನ ಮೂಲ ಎಂಜಿನ್ ಬದಲಿಸಬಾರದು ಅನ್ನೋರು, ಇದನ್ನು ಓದಿ ಬೇಜಾರಾಗುತ್ತಾರೆ, ಅದು ಗೊತ್ತು.

ಅಪ್ಪ ಗದಗಿನಲ್ಲಿ ಡಾಕ್ಟರ್ ಆಗಿದ್ದರು. 1974ರಲ್ಲಿ ಊರು ಬಿಟ್ಟು ಹೋಗುತ್ತಿದ್ದ ಒಬ್ಬ ವಿದೇಶಿ ಪಾದ್ರಿಯಿಂದ ಈ ಗಾಡಿ ಕೊಂಡರು. ರಾತ್ರಿ ಹೆರಿಗೆಗೆ ಕರೆ ಬಂದರೆ ಹಳ್ಳಿಗಳಿಗೆ ಹೋಗುತ್ತಿದ್ದುದು ಇದರಲ್ಲೇ. ಎರೆ ಮಣ್ಣಿನ ರಸ್ತೆಯಲ್ಲಿ ಮಳೆಗಾಲದಲ್ಲಿ ಹೂತುಕೊಂಡರೆ ಹೊಲದವರು ಎತ್ತು ಕಟ್ಟಿ ಎಳೆಯುತ್ತಿದ್ದರು. ಈಗ ಅವ್ವ ಗದಗಿನ ಅದೇ ಮನೆಯಲ್ಲಿದ್ದಾಳೆ. ನಾನು ಧಾರವಾಡದಲ್ಲಿ ಹೈಸ್ಕೂಲ್ ಟೀಚರ್, ವಿಜ್ಞಾನ ಕಲಿಸುತ್ತೇನೆ. ವಾರಕ್ಕೊಮ್ಮೆ ಅವ್ವನನ್ನು ನೋಡಲು ಹೋಗಬೇಕು. ಹೋಗಲಿಕ್ಕೆ ಎಂಬತ್ತು ಕಿ.ಮೀ., ಬರಲಿಕ್ಕೆ ಎಂಬತ್ತು. ಅಪ್ಪನ ಗಾಡಿಯಲ್ಲೇ ಹೋಗಬೇಕು ಅಂತ ನನ್ನ ಆಸೆ. ಶೆಡ್ಡಿನಲ್ಲಿ ಬಟ್ಟೆ ಹೊದಿಸಿ ಇಟ್ಟು, ವರ್ಷಕ್ಕೊಮ್ಮೆ ಹೊರಗೆ ತೆಗೆದು ಫೋಟೋ ಹೊಡೆಸೋದು ನನ್ನಿಂದ ಆಗದ ಕೆಲಸ.

ಆದರೆ ಹಳೆ ಎಂಜಿನ್ ಸುಸ್ತಾಗಿತ್ತು. ಹೊಸದಿದ್ದಾಗಲೇ ಅದರದ್ದು 37 ಎಚ್‌ಪಿ. ಅಪ್ಪ ಇರುವಾಗಲೇ ಎರಡು ಸಲ ಕ್ರ್ಯಾಂಕ್ ಗ್ರೈಂಡ್ ಮಾಡಿಸಿದ್ದರು, ಮತ್ತೆ ಗ್ರೈಂಡ್ ಮಾಡಲು ಅದರಲ್ಲಿ ಲೋಹ ಉಳಿದಿರಲಿಲ್ಲ. ಅಣ್ಣಿಗೇರಿ ದಾಟಿದ ಮೇಲೆ ಹಿಂದೆ ಲಾರಿ, ಮುಂದೆ ಲಾರಿ, ನಡುವೆ ನಾನು 55ರಲ್ಲಿ. ಓವರ್‌ಟೇಕ್ ಮಾಡಲು ಹೊರಗೆ ಬಂದರೆ ಗಾಡಿ ಏಳುತ್ತಿರಲಿಲ್ಲ. ಒಂದು ದಿನ ಎದುರಿನಿಂದ ಬಸ್ ಬಂತು. ಬ್ರೇಕ್ ಹಾಕಿ ಮತ್ತೆ ಲಾರಿಯ ಹಿಂದೆ ತೂರಿಕೊಳ್ಳುವಾಗ ನನ್ನ ಕೈ ನಡುಗುತ್ತಿತ್ತು. ಅವತ್ತೇ ತೀರ್ಮಾನ ಮಾಡಿದೆ.

ಮೊದಲು ಬೇರೆ ಊರಿನ ಒಂದು ಗ್ಯಾರೇಜಿಗೆ ಹೋಗಿದ್ದೆ. ಅವರು ಗಾಡಿ ನೋಡುವ ಮೊದಲೇ ಅಂಬಾಸಿಡರ್ ಎಂಜಿನ್ ಹಾಕೋಣ, ಬಲ್ಕ್‌ಹೆಡ್ (ಎಂಜಿನ್ನಿಗೂ ಸೀಟಿಗೂ ನಡುವಿನ ತಗಡಿನ ಗೋಡೆ) ಸ್ವಲ್ಪ ಕತ್ತರಿಸಿದರೆ ಕೂರುತ್ತೆ ಅಂದರು. ಬ್ರೇಕ್ ಬಗ್ಗೆ ಒಂದು ಮಾತೂ ಕೇಳಲಿಲ್ಲ. ನಾನು ವಾಪಸ್ ಬಂದೆ. ಚಾಚಾನ ಹೆಸರು ಹೇಳಿದ್ದು ನಮ್ಮ ಸ್ಕೂಲ್ ಬಸ್ಸಿನ ಡ್ರೈವರ್.

ಮೊದಲ ದಿನ ಚಾಚಾ ಬಾನೆಟ್ ತೆಗೆಯಲೇ ಇಲ್ಲ. ಡ್ರೈವರ್ ಬಾಗಿಲು ತೆಗೆದು, ಮೊಣಕಾಲೂರಿ ಕೂತು, ಕಾಲ ಕೆಳಗಿನ ಕಾರ್ಪೆಟ್ ಎತ್ತಿದರು. ಮೈನರ್‌ನ ಬ್ರೇಕ್ ಮಾಸ್ಟರ್ ಸಿಲಿಂಡರ್ ಇರುವುದು ಅಲ್ಲಿ, ಡ್ರೈವರ್ ಕಾಲ ಕೆಳಗೆ, ಚಾಸಿಯ ಒಳಗೆ. ಪೆಡಲ್ ಒತ್ತಿದಾಗ ಬ್ರೇಕಿಗೆ ಆಯಿಲ್ ತಳ್ಳುವುದು ಇದೇ, ಆಯಿಲ್ ಹಾಕಬೇಕಾದರೂ ಕಾರ್ಪೆಟ್ ಎತ್ತಬೇಕು. ಅದನ್ನು ಬಿಚ್ಚುವ ಬೋಲ್ಟಿಗೆ ಟಾರ್ಷನ್ ಬಾರ್ (ಮುಂದಿನ ಚಕ್ರಕ್ಕೆ ಸ್ಪ್ರಿಂಗ್ ಆಗಿ ಕೆಲಸ ಮಾಡುವ ಸರಳು) ಅಡ್ಡ ಬರುತ್ತೆ, ಹಾಗಾಗಿ ಎಷ್ಟೋ ಮೆಕ್ಯಾನಿಕ್‌ಗಳು ಅದರ ತಂಟೆಗೇ ಹೋಗುವುದಿಲ್ಲ. ಚಾಚಾ ಬೆರಳು ಹಾಕಿ ಆಯಿಲ್ ತೆಗೆದು ನೋಡಿದರು. ಕಪ್ಪಾಗಿತ್ತು. ಆಮೇಲೆ ಮುಂದಿನ ಚಕ್ರ ಎತ್ತಿಸಿ, ಎರಡು ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಅಲುಗಾಡಿಸಿದರು. ಮುಂದಿನ ಚಕ್ರವನ್ನು ಹೊತ್ತು ತಿರುಗಿಸುವ ಕಿಂಗ್‌ಪಿನ್, ಟ್ರನಿಯನ್, ಅವುಗಳ ಗ್ರೀಸ್ ನಿಪ್ಪಲ್ ಎಲ್ಲ ನೋಡಿದರು. ಮೈನರ್‌ನಲ್ಲಿ ಟ್ರನಿಯನ್‌ಗೆ ಗ್ರೀಸ್ ಹೊಡೆಯದೆ ಬಿಟ್ಟರೆ ಅದು ಸವೆದು, ಒಂದು ದಿನ ಮುಂದಿನ ಚಕ್ರವೇ ಮಡಚಿ ಬೀಳುತ್ತೆ. ಅಪ್ಪ ತಪ್ಪದೆ ಗ್ರೀಸ್ ಹೊಡೆಸುತ್ತಿದ್ದರು, ಹಾಗಾಗಿ ನಮ್ಮದು ಚೆನ್ನಾಗಿಯೇ ಇತ್ತು.

ಎದ್ದು ಕೈ ಒರೆಸಿಕೊಂಡು ಹೇಳಿದರು: “ಅಕ್ಕೋರ, ಎಂಜಿನ್ ಆಮ್ಯಾಲೆ ನೋಡೂಣ್ರಿ. ಈ ಬ್ರೇಕಿನ ಮ್ಯಾಲೆ ನಾ ದೊಡ್ಡ ಎಂಜಿನ್ ಹಾಕಿ ಕೊಡಾಂಗಿಲ್ಲ. ಬ್ಯಾರೆ ಕಡೆ ಹಾಕಿ ಕೊಡ್ತೀನಂದ್ರೂ ನೀವು ಹಾಕಿಸ್ಬ್ಯಾಡ್ರಿ.”

ನನಗೆ ಅಲ್ಲೇ ನಂಬಿಕೆ ಬಂತು. 1959ರ ಮೈನರ್‌ಗೆ ಮುಂದೆ ಇರುವುದು 7 ಇಂಚಿನ ಡ್ರಮ್ಮು. ಕಂಪನಿಯವರೇ 1962ರಲ್ಲಿ ಎಂಜಿನ್ 1098 ಸಿಸಿಗೆ ಏರಿಸಿದಾಗ ಮುಂದಿನ ಡ್ರಮ್ ಅನ್ನೂ 8 ಇಂಚಿಗೆ ಏರಿಸಿದರು. ಎಂಜಿನ್ ಬೆಳೆದರೆ ಬ್ರೇಕೂ ಬೆಳೆಯಬೇಕು ಅಂತ ಕಂಪನಿಗೇ ಗೊತ್ತಿತ್ತಲ್ವಾ? ನಾವು ಹೋಗುತ್ತಿರುವುದು ಅದಕ್ಕೂ ದೊಡ್ಡದಕ್ಕೆ. ಇಂಗ್ಲೆಂಡಿನಲ್ಲಿ ಮೈನರ್‌ನ ಸಾಮಾನು ಇವತ್ತಿಗೂ ಹೊಸದಾಗಿ ಸಿಗುತ್ತೆ. ಲೆಸ್ಟರ್‌ನಲ್ಲಿರುವ ಕಾಕಾನ ಮಗನಿಗೆ ಹೇಳಿ ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್ ಕಿಟ್ ತರಿಸಿದೆ. ಕಸ್ಟಮ್ಸ್ ಸೇರಿ 78,000 ರೂಪಾಯಿ ಆಯಿತು. ಇಡೀ ಕೆಲಸದಲ್ಲಿ ಜಾಸ್ತಿ ದುಡ್ಡು ಹೋಗಿದ್ದು ಇದಕ್ಕೇ. ಎಂಜಿನ್ನಿಗಿಂತ ಜಾಸ್ತಿ.

ಯಾವ ಎಂಜಿನ್ ಅನ್ನುವುದರ ಬಗ್ಗೆ ಮೂರು ವಾರ ಮಾತಾಡಿದೆವು. ಇಂಗ್ಲೆಂಡಿನಲ್ಲಾದರೆ ಸುಲಭ. ಮೈನರ್‌ನ ಎಂಜಿನ್ ಎ-ಸೀರೀಸ್ ಅನ್ನೋ ವಂಶದ್ದು, ಅದೇ ವಂಶದಲ್ಲಿ 1275 ಸಿಸಿವರೆಗೆ ಬಂದಿದೆ, ಅದನ್ನು ಹಾಕಿಬಿಡುತ್ತಾರೆ. ನಮ್ಮಲ್ಲಿ ಅದನ್ನು ಎಲ್ಲಿ ಹುಡುಕೋದು? ಅಂಬಾಸಿಡರ್‌ನ 1489 ಸಿಸಿ ಗುಜರಿಯಲ್ಲಿ ಬೇಕಾದಷ್ಟಿವೆ. ಅಂಬಾಸಿಡರ್ ಕೂಡ ಹುಟ್ಟಿನಲ್ಲಿ ಮಾರಿಸ್ ಆಕ್ಸ್‌ಫರ್ಡ್, ಒಂದೇ ಮನೆತನ. ಆದರೆ ಅದು ಬಿ-ಸೀರೀಸ್, ಪೂರ್ತಿ ಬೀಡು ಕಬ್ಬಿಣ, ಭಾರ. ಮೂಗಿನ ಮೇಲೆ ಅಷ್ಟು ತೂಕ ಹಾಕಿದರೆ ಟಾರ್ಷನ್ ಬಾರ್ ಕುಸಿಯುತ್ತೆ, ಸ್ಟೇರಿಂಗ್ ಬಿಗಿಯಾಗುತ್ತೆ ಅಂತ ಚಾಚಾ ಬೇಡ ಅಂದರು. ಮೈನರ್‌ನ ಸ್ಟೇರಿಂಗ್ ಎಷ್ಟು ಹಗುರ ಅಂತ ಓಡಿಸಿದವರಿಗೇ ಗೊತ್ತು. ಅದು ರ‍್ಯಾಕ್ ಅಂಡ್ ಪಿನಿಯನ್. ಅದನ್ನು ಕಳೆದುಕೊಂಡರೆ ಗಾಡಿಯ ಜೀವವೇ ಹೋದ ಹಾಗೆ.

ಜಿಪ್ಸಿಯದು ಅಲ್ಯೂಮಿನಿಯಂ ಬ್ಲಾಕ್. ದೊಡ್ಡದಾದರೂ ಹಗುರ. ಎಂಜಿನ್ ಉದ್ದಕ್ಕೆ ಕೂರುತ್ತೆ, ಡ್ರೈವ್ ಹಿಂದಕ್ಕೆ ಹೋಗುತ್ತೆ, ಮೈನರ್‌ನಲ್ಲೂ ಹಾಗೇ. ಇನ್ನೊಂದು ದೊಡ್ಡ ಅನುಕೂಲ ಇದೆ. ಜಿಪ್ಸಿಯಲ್ಲಿ ಗೇರ್‌ಬಾಕ್ಸ್ ಬೇರೆ, ನಾಲ್ಕೂ ಚಕ್ರಕ್ಕೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್ ಬೇರೆ. ಎರಡರ ನಡುವೆ ಒಂದು ಗಿಡ್ಡ ಶಾಫ್ಟ್. ಟ್ರಾನ್ಸ್‌ಫರ್ ಕೇಸ್ ಕೈಬಿಟ್ಟು, ಗೇರ್‌ಬಾಕ್ಸಿನಿಂದ ಸೀದಾ ಮೈನರ್‌ನ ಹಿಂದಿನ ಎಕ್ಸಲ್ ಹೌಸಿಂಗ್‌ಗೆ ಶಾಫ್ಟ್ ಕೊಟ್ಟರೆ ಆಯಿತು. ಎಂಜಿನ್ನೂ ಗೇರ್‌ಬಾಕ್ಸೂ ಎರಡೂ ಜಿಪ್ಸಿಯದೇ ಆದ್ದರಿಂದ ನಡುವೆ ಅಡಾಪ್ಟರ್ ಪ್ಲೇಟ್ ಮಾಡಿಸುವ ತಲೆನೋವಿಲ್ಲ. 2000ದಲ್ಲಿ ಬಂದ ಎಂಪಿಎಫ್ಐ (ಕಂಪ್ಯೂಟರ್ ಲೆಕ್ಕದಲ್ಲಿ ಪೆಟ್ರೋಲ್ ಚಿಮ್ಮಿಸುವ) ಎಂಜಿನ್ 80 ಎಚ್‌ಪಿ, ಅದಕ್ಕೆ ಮೊದಲಿನ ಕಾರ್ಬೊರೇಟರ್ ಎಂಜಿನ್ 60. ಚಾಚಾ ಕಾರ್ಬೊರೇಟರ್‌ದೇ ಸಾಕು ಅಂದರು. ವೈರಿಂಗ್ ಕಡಿಮೆ, ಕಂಪ್ಯೂಟರ್ ಇಲ್ಲ, ಅಣ್ಣಿಗೇರಿಯಲ್ಲಿ ನಿಂತರೂ ಅಲ್ಲಿಯ ಮೆಕ್ಯಾನಿಕ್ ನೋಡಬಹುದು. ಮೈನರ್‌ನ ತೂಕ ಸುಮಾರು 750 ಕೆಜಿ. ಜಿಪ್ಸಿ ಹತ್ತಿರ ಹತ್ತಿರ ಒಂದು ಟನ್. ಅದನ್ನು ಎಳೆದ ಎಂಜಿನ್‌ಗೆ ನಮ್ಮ ಗಾಡಿ ಏನೂ ಭಾರವಲ್ಲ.

ಇಷ್ಟು ಅಗಲದ ಎಂಜಿನ್ ಈ ಪುಟ್ಟ ಗಾಡಿಯ ಮೂಗಿನಲ್ಲಿ ಹೇಗೆ ಕೂರುತ್ತೆ ಅಂತ ನನಗೆ ಸಂಶಯ ಇತ್ತು. ಬಾನೆಟ್ ತೆಗೆದರೆ ಎರಡೂ ಬದಿ ಜಾಗ ಧಾರಾಳ. ಅದಕ್ಕೆ ಕಾರಣ ಇದೆ. ಮೈನರ್ ರೂಪಿಸಿದ ಅಲೆಕ್ ಇಸಿಗೋನಿಸ್ ಮೊದಲು ಯೋಚಿಸಿದ್ದು ಅಡ್ಡಡ್ಡ ಮಲಗಿರುವ ನಾಲ್ಕು ಸಿಲಿಂಡರಿನ ಫ್ಲಾಟ್ ಎಂಜಿನ್. ಅದು ಅಗಲ ಇರುತ್ತೆ ಅಂತ ಜಾಗ ಬಿಟ್ಟರು. ಆ ಎಂಜಿನ್ ಕೈಗೂಡಲಿಲ್ಲ. 1948ರಲ್ಲಿ ಗಾಡಿ ಮಾರುಕಟ್ಟೆಗೆ ಬಂದಾಗ ಹಳೆಯ 918 ಸಿಸಿ ಸೈಡ್‌ವಾಲ್ವ್ ಎಂಜಿನ್ ಹಾಕಿದರು. ಜಾಗ ಮಾತ್ರ ಹಾಗೇ ಉಳಿಯಿತು. ಇನ್ನೊಂದು ವಿಷಯ. ಗಾಡಿ ಇನ್ನೇನು ತಯಾರಿಗೆ ಹೋಗಬೇಕು ಅನ್ನುವಾಗ ಅದು ತೀರಾ ಕಿರಿದಾಗಿ ಕಾಣುತ್ತಿದೆ ಅನಿಸಿ, ಇಸಿಗೋನಿಸ್ ಮಾದರಿ ಗಾಡಿಯನ್ನು ಉದ್ದಕ್ಕೆ ಸೀಳಿಸಿ, ಎರಡು ಹೋಳನ್ನು ದೂರ ಸರಿಸಿ ನೋಡಿ, 4 ಇಂಚು ಅಗಲ ಮಾಡಿದರು. ಮೈನರ್‌ನ ಬಾನೆಟ್ ಮಧ್ಯೆ ಉದ್ದಕ್ಕೂ ಒಂದು ಚಪ್ಪಟೆ ಪಟ್ಟಿ ಕಾಣುತ್ತಲ್ಲ, ಅದೇ ಆ 4 ಇಂಚು. ಚಿಕ್ಕವಳಿದ್ದಾಗ ಆ ಪಟ್ಟಿಯ ಮೇಲೆ ಬೆರಳೆಳೆಯುತ್ತಾ ಅಪ್ಪನಿಗೆ ಕಾಯುತ್ತಿದ್ದೆ. ಅದು ಯಾಕಿದೆ ಅಂತ ತಿಳಿದದ್ದು ಐವತ್ತು ದಾಟಿದ ಮೇಲೆ.

ಅಗಲ ಸಿಕ್ಕಿತು, ಎತ್ತರ ಸಿಗಲಿಲ್ಲ. ಇಲ್ಲಿ ಚಾಚಾನ ಕೆಲಸ ನೋಡಬೇಕಿತ್ತು. ಒಂದು ಸಂಜೆ ಫೋನ್ ಮಾಡಿ ಕೇಳಿದರು: “ಅಕ್ಕೋರ, ಮನ್ಯಾಗ ಚಪಾತಿ ಮಾಡ್ತೀರೇನ್ರಿ? ನಾಳೆ ಬರೂ ಮುಂದ ಒಂದ್ ಮುಷ್ಟಿ ಕಣಕ ನಾದಿ ತರ್ರಿ. ಸ್ವಲ್ಪ ಗಟ್ಟಿ ಇರ್ಲಿ.”

ಮರುದಿನ ಸ್ಟೀಲ್ ಡಬ್ಬಿಯಲ್ಲಿ ಕಣಕ ತೆಗೆದುಕೊಂಡು ಹೋದೆ. ಚೈನ್ ಬ್ಲಾಕಿನಲ್ಲಿ ಎಂಜಿನ್ ನೇತಾಡುತ್ತಿತ್ತು. ಚಾಚಾ ಕಣಕವನ್ನು ನಿಂಬೆಹಣ್ಣಿನಷ್ಟು ಉಂಡೆ ಮಾಡಿ, ಒಣ ಹಿಟ್ಟು ಹಚ್ಚಿ, ಏರ್ ಕ್ಲೀನರ್ ಮೇಲೆ ಮೂರು ಕಡೆ ಇಟ್ಟರು. ಚೇಂಬರ್ (ಎಂಜಿನ್ ತಳದ ಆಯಿಲ್ ಡಬ್ಬಿ) ಕೆಳಗೆ, ಚಾಸಿಯ ಅಡ್ಡಪಟ್ಟಿಯ ಹತ್ತಿರ ಎರಡು ಉಂಡೆ ಒತ್ತಿದರು. ಸ್ಟೇರಿಂಗ್ ಕಂಬದ ಪಕ್ಕ ಒಂದು. ಹುಡುಗ ಚೈನ್ ಬಿಡುತ್ತಾ ಹೋದ. ಎಂಜಿನ್ ಅಂಗುಲ ಅಂಗುಲವಾಗಿ ಇಳಿದು ಫೌಂಡೇಶನ್ (ಎಂಜಿನ್ ಹೊರುವ ಪ್ಲೇಟು) ಮೇಲೆ ಕೂತಿತು. ಚಾಚಾ ಬಾನೆಟನ್ನು ನಿಧಾನ ಇಳಿಸಿ, ಲಾಕ್ ಬೀಳುವಷ್ಟು ಒತ್ತಿ, ಮತ್ತೆ ಎತ್ತಿದರು. ಉಂಡೆಗಳು ರೊಟ್ಟಿಯಾಗಿದ್ದವು. ಒಂದೊಂದನ್ನೇ ಬ್ಲೇಡಿನಿಂದ ಬಿಡಿಸಿ, ಮಧ್ಯೆ ಕತ್ತರಿಸಿ, ಸ್ಕೇಲಿನಿಂದ ದಪ್ಪ ಅಳೆದರು. ಚೇಂಬರ್ ಕೆಳಗಿನದು ಹದಿನೆಂಟು ಮಿ.ಮೀ., ಸಾಕು. ಸ್ಟೇರಿಂಗ್ ಪಕ್ಕದ್ದು ಸಾಕು. ಏರ್ ಕ್ಲೀನರ್ ಮೇಲಿನದು ನಾಲ್ಕೇ ಮಿ.ಮೀ. ಎಂಜಿನ್ ಚಾಲೂ ಆದಾಗ ಅಲುಗಾಡುತ್ತೆ, ನಾಲ್ಕು ಸಾಲದು.

ಹುಡುಗ ಬಾನೆಟ್ ಕೆಳಗಿನ ತಗಡು ಕೊಯ್ದುಬಿಡೋಣ ಅಂದ. ಚಾಚಾ ತಲೆ ಅಲ್ಲಾಡಿಸಿದರು. “ಬಾನೆಟ್ಟಿಗೆ ಕೈ ಹಚ್ಚೂದು ಬ್ಯಾಡಪಾ. ಅವರಪ್ಪನ ಗಾಡಿ ಐತಿ.” ಎಂಜಿನ್ ಫೌಂಡೇಶನ್ ಪ್ಲೇಟುಗಳನ್ನು ಬಿಚ್ಚಿ, ಹೊಸದಾಗಿ ಕತ್ತರಿಸಿ, ಎಂಜಿನ್ ಹತ್ತು ಮಿ.ಮೀ. ಕೆಳಗಿಳಿಸಿದರು. ಏರ್ ಕ್ಲೀನರ್‌ಗೆ ಗಿಡ್ಡ ಡಬ್ಬಿ ಮಾಡಿದರು. ಮತ್ತೆ ಕಣಕ ಇಟ್ಟು ನೋಡಿದರು. ಮೂರನೇ ಸಲಕ್ಕೆ ಎಲ್ಲ ಕಡೆ ಸರಿ ಬಂತು. ಆ ಪ್ಲೇಟುಗಳು 6 ಮಿ.ಮೀ. ದಪ್ಪದವು, ಮೊದಲು ರಟ್ಟಿನಲ್ಲಿ ಕತ್ತರಿಸಿ ಅಳತೆ ನೋಡಿ ಆಮೇಲೆ ಕಬ್ಬಿಣದಲ್ಲಿ ಮಾಡಿದ್ದು. ಎಲ್ಲವೂ ಗಾಡಿಯಲ್ಲಿ ಮೊದಲೇ ಇದ್ದ ತೂತುಗಳಿಗೇ ಬೋಲ್ಟ್ ಆಗಿವೆ.

ಈ ಗ್ಯಾರೇಜನ್ನು ನಾನು ಮೆಚ್ಚುವುದು ಇದಕ್ಕೇ. ಗಾಡಿಯ ಮೈಗೆ ಎಲ್ಲೂ ಗ್ಯಾಸ್ ಕಟರ್ ತಾಗಿಸಿಲ್ಲ. ಜಿಪ್ಸಿ ಗೇರ್‌ಬಾಕ್ಸ್ ದೊಡ್ಡದು, ಅದಕ್ಕೆ ನೆಲ ಎತ್ತರಿಸಬೇಕಿತ್ತು. ಮೈನರ್‌ನಲ್ಲಿ ಗೇರ್‌ಬಾಕ್ಸ್ ಮೇಲಿನ ಮುಚ್ಚಳ ಸ್ಕ್ರೂ ಬಿಚ್ಚಿದರೆ ಹೊರಬರುತ್ತೆ. ಹಳೆಯದನ್ನು ತೆಗೆದಿಟ್ಟು, ಹೊಸದನ್ನು ತಗಡಿನಲ್ಲಿ ಬಡಿದು ಮಾಡಿದರು. ಹಳೆಯ 948 ಎಂಜಿನ್ ತೊಳೆದು, ಸಿಲಿಂಡರ್‌ಗಳಿಗೆ ಆಯಿಲ್ ಹಾಕಿ, ಪ್ಲಗ್ ಬಿಗಿದು, ಹಳೆ ಗೇರ್‌ಬಾಕ್ಸ್, ಹಳೆ ಮುಚ್ಚಳ, ಹಳೆ ಡೈನಮೋ, ಹಳೆ ಶಾಫ್ಟ್ ಎಲ್ಲ ಒಂದು ಕಟ್ಟಿಗೆ ಪೆಟ್ಟಿಗೆಯಲ್ಲಿ ಜೋಡಿಸಿ ಕೊಟ್ಟರು. ಬೋಲ್ಟುಗಳು ಬೇರೆ ಬೇರೆ ಪ್ಲಾಸ್ಟಿಕ್ ಚೀಲದಲ್ಲಿ, ಮೇಲೆ ಪೆನ್ನಿನಿಂದ ಹೆಸರು. ನಾಳೆ ನನ್ನ ಮಗನಿಗೆ ಹಳೆಯದೇ ಬೇಕು ಅನಿಸಿದರೆ ವಾಪಸ್ ಹಾಕಬಹುದು.

ವೈರಿಂಗ್ ಕೆಲಸಕ್ಕೆ ಹನ್ನೆರಡು ದಿನ ಹಿಡಿಯಿತು. ಮೈನರ್‌ನಲ್ಲಿ ಬ್ಯಾಟರಿಯ ಪಾಸಿಟಿವ್ ತುದಿ ಗಾಡಿಯ ಮೈಗೆ ಅರ್ತ್ ಆಗಿರುತ್ತೆ, ಜಿಪ್ಸಿಯ ಆಲ್ಟರ್ನೇಟರ್‌ಗೆ ನೆಗೆಟಿವ್ ಅರ್ತ್ ಬೇಕು. ಎಲ್ಲ ಉಲ್ಟಾ ಮಾಡಬೇಕಾಯಿತು. ನಮ್ಮ ಗಾಡಿಗೆ ಬಾಗಿಲ ಹಿಂದಿನ ಕಂಬದಿಂದ ಹೊರಬರುವ ಸಿಗ್ನಲ್ ಕೈಗಳಿವೆ. ಅವು ಈಗಲೂ ಏಳುತ್ತವೆ, ಬೀಳುತ್ತವೆ. ಹಳೆಯ ಎಸ್‌ಯು ಪೆಟ್ರೋಲ್ ಪಂಪನ್ನೂ ಉಳಿಸಿದರು. ಕೀಲಿ ತಿರುಗಿಸಿದ ಕೂಡಲೇ ಟಿಕ್ ಟಿಕ್ ಟಿಕ್ ಅಂತ ಸದ್ದು ಬಂದು, ಕಾರ್ಬೊರೇಟರ್ ತುಂಬಿದ ಮೇಲೆ ನಿಲ್ಲುತ್ತೆ. ಆ ಸದ್ದು ಹೋಗಬಾರದು ಅಂತ ನಾನು ಕೇಳಿಕೊಂಡಿದ್ದೆ. ಅಪ್ಪನ ಗೇರ್ ಗುಂಡಿಯ ಒಳಗಿನ ಥ್ರೆಡ್ ಜಿಪ್ಸಿ ಲಿವರ್‌ಗೆ ಕೂರಲಿಲ್ಲ, ಲೇತಿನಲ್ಲಿ ಒಂದು ಬುಷ್ ತಿರುಗಿಸಿ ಕೂರಿಸಿದರು. ಇದಕ್ಕೆ ಬಿಲ್ಲಿನಲ್ಲಿ ದುಡ್ಡು ಹಿಡಿದಿಲ್ಲ.

ಈಗ ಓಡಿಸುವ ವಿಷಯ. ಮೈನರ್‌ನ ಹೌಸಿಂಗ್ ಹಳೆಯದೇ ಇದೆ, ಅದರ ಕ್ರೌನ್ ಪಿನಿಯನ್ ಅನುಪಾತ 4.55, ಅಂದರೆ ಚಕ್ರ ಒಂದು ಸುತ್ತು ಹಾಕಲು ಶಾಫ್ಟ್ 4.55 ಸುತ್ತು ತಿರುಗಬೇಕು. ಹಳೆ ನಾಲ್ಕನೇ ಗೇರಿನಲ್ಲಿ 80ರಲ್ಲಿ ಹೋದರೆ ಎಂಜಿನ್ ನಿಮಿಷಕ್ಕೆ ಸುಮಾರು 3,300 ಸುತ್ತು ತಿರುಗಬೇಕಿತ್ತು, ಒಳಗೆ ಮಾತು ಕೇಳುತ್ತಿರಲಿಲ್ಲ. ಜಿಪ್ಸಿಯ ಐದನೇ ಗೇರಿನಲ್ಲಿ ಅದೇ ವೇಗಕ್ಕೆ ಸುಮಾರು 2,600. ಅವ್ವ ಪಕ್ಕದಲ್ಲಿ ಕೂತು ಸಣ್ಣ ದನಿಯಲ್ಲಿ ಮಾತಾಡಿದರೂ ಕೇಳುತ್ತೆ. ಹಳೆಯ ಗೇರ್‌ಬಾಕ್ಸಿನ ಫಸ್ಟ್ ಗೇರಿಗೆ ಸಿಂಕ್ರೋ ಇರಲಿಲ್ಲ, ಪೂರ್ತಿ ನಿಲ್ಲಿಸಿಯೇ ಹಾಕಬೇಕಿತ್ತು. ಈಗ ಉಣಕಲ್, ನವನಗರದ ಸಿಗ್ನಲ್‌ಗಳಲ್ಲಿ ಚಿಗರಿ ಬಸ್ಸಿನ ಪಕ್ಕ ನಿಂತು ಹೊರಡುವುದು ಸಲೀಸು. ಅಣ್ಣಿಗೇರಿ ದಾರಿಯಲ್ಲಿ ಲಾರಿ ದಾಟಲು ನಾಲ್ಕಕ್ಕೆ ಇಳಿಸಿ ಒತ್ತಿದರೆ ಸಾಕು, ಗಾಡಿ ಹೊರಟುಬಿಡುತ್ತೆ. ಮುಖ್ಯವಾಗಿ, ಡಿಸ್ಕ್ ಬ್ರೇಕ್ ನೇರ ಹಿಡಿಯುತ್ತೆ. ಮೊದಲು ಎಡಕ್ಕೆ ಎಳೆಯುತ್ತಿತ್ತು.

ಡಿಸೆಂಬರ್‌ನಲ್ಲಿ ಅಂಕೋಲೆಯ ತಂಗಿ ಮನೆಗೆ ಹೋದೆವು. ನನಗೆ ಭಯ ಇದ್ದಿದ್ದು ವಾಪಸ್ ಬರುವಾಗಿನ ಅರಬೈಲು ಘಟ್ಟ. ಅಪ್ಪನ ಕಾಲದಲ್ಲಿ ಆ ಏರಿನಲ್ಲಿ ಎರಡು ಸಲ ನಿಲ್ಲಿಸಿ ರೇಡಿಯೇಟರ್‌ಗೆ ನೀರು ಹಾಕುತ್ತಿದ್ದೆವು. ನಾನೂ ತಂಗಿಯೂ ಚೊಂಬು ಹಿಡಿದು ನಿಲ್ಲುತ್ತಿದ್ದೆವು. ಈ ಸಲ ಲಾರಿಗಳ ಹಿಂದೆ ಎರಡು ಮತ್ತು ಮೂರನೇ ಗೇರಿನಲ್ಲೇ ಪೂರ್ತಿ ಹತ್ತಿತು. ಎಂಜಿನ್ ಬಿಸಿ ತೋರಿಸುವ ಸೂಚಿ ಮುಕ್ಕಾಲಿನವರೆಗೆ ಏರಿತು, ಫ್ಯಾನ್ ಚಾಲೂ ಆಯಿತು, ಇಳಿಯಿತು. ಯಲ್ಲಾಪುರದಲ್ಲಿ ಚಹಾಕ್ಕೆ ನಿಂತಾಗ ನಾನು ಮೊದಲು ಬಾನೆಟ್ ಎತ್ತಿ ನೋಡಿದೆ. ಒಂದು ಹನಿ ಸೋರಿರಲಿಲ್ಲ.

ಎಲ್ಲ ಚೆನ್ನಾಗಿದೆ ಅಂತ ಹೇಳಿದರೆ ಅನ್ಯಾಯ ಆಗುತ್ತೆ. ಎರಡು ತಿಂಗಳಿಗೆ ಕೊಡುತ್ತೇನೆ ಅಂದವರು ಐದೂವರೆ ತಿಂಗಳು ತೆಗೆದುಕೊಂಡರು. ಕಿಟ್ ಬರಲು ತಡ ಆಗಿದ್ದು ಅವರ ತಪ್ಪಲ್ಲ. ಆದರೆ ನಡುವೆ ಆರು ವಾರ ಒಂದು ಜೀಪಿನ ಕೆಲಸ ಬಂತು ಅಂತ ನಮ್ಮ ಗಾಡಿ ಮುಟ್ಟಲೇ ಇಲ್ಲ. ಆಗ ನನಗೆ ಸಿಟ್ಟು ಬಂದಿತ್ತು, ಹೇಳಿದ್ದೂ ಆಯಿತು. ಫೋನ್ ಎತ್ತುವುದು ಕಡಿಮೆ. ಹೋಗಿ ಎದುರು ನಿಂತರೆ ಮಾತ್ರ ಉತ್ತರ ಸಿಗುತ್ತೆ.

ಸ್ಪೀಡೋಮೀಟರ್ ಓಡುತ್ತಿಲ್ಲ. ಜಿಪ್ಸಿಯಲ್ಲಿ ಸ್ಪೀಡೋಮೀಟರ್ ಕೇಬಲ್ ಬರುವುದು ಟ್ರಾನ್ಸ್‌ಫರ್ ಕೇಸಿನಿಂದ. ಅದನ್ನೇ ನಾವು ಕೈಬಿಟ್ಟಿದ್ದೇವಲ್ಲ. ಇದನ್ನು ಚಾಚಾ ಮೊದಲೇ ಹೇಳಬೇಕಿತ್ತು, ಹೇಳಲಿಲ್ಲ. ಡ್ಯಾಶ್‌ಬೋರ್ಡಿನ ನಟ್ಟ ನಡುವೆ ಇರುವ ದೊಡ್ಡ ದುಂಡು ಮೀಟರ್ ಸೊನ್ನೆಯಲ್ಲಿ ನಿಂತಿರುವುದನ್ನು ನೋಡಿದರೆ ನನಗೆ ಸಂಕಟ. ಸದ್ಯ ಮೊಬೈಲ್‌ನಲ್ಲಿ ವೇಗ ನೋಡಿಕೊಳ್ಳುತ್ತಿದ್ದೇನೆ. ನಿಮ್ಮ ಗಾಡಿಗೆ ಈ ಕೆಲಸ ಮಾಡಿಸುವುದಾದರೆ ಸ್ಪೀಡೋಮೀಟರ್ ಏನು ಮಾಡುತ್ತೀರಿ ಅಂತ ಮೊದಲ ದಿನವೇ ಕೇಳಿ.

ಮಧ್ಯಾಹ್ನದ ಬಿಸಿಲಿನಲ್ಲಿ ಗೇರ್‌ಬಾಕ್ಸ್ ಮುಚ್ಚಳ ಕಾಯುತ್ತೆ, ಎಡಗಾಲಿಗೆ ಝಳ ಹೊಡೆಯುತ್ತೆ. ಒಳಗೆ ಫೆಲ್ಟ್ ಹಾಕಿ ಅಲ್ಯೂಮಿನಿಯಂ ಶೀಟ್ ಬಡಿದ ಮೇಲೆ ಸ್ವಲ್ಪ ಕಡಿಮೆಯಾಗಿದೆ. ಹಿಂದಿನ ಎಕ್ಸಲ್ 37 ಎಚ್‌ಪಿಗೆ ಅಂತ ಮಾಡಿದ್ದು, ಅದರ ಬಗ್ಗೆ ಎಚ್ಚರ ಬೇಕು. ಕ್ಲಚ್ ಒಮ್ಮೆಲೇ ಬಿಟ್ಟರೆ ತುಂಡಾಗುತ್ತೆ ಅಂತ ಚಾಚಾ ಮೂರು ಸಲ ಹೇಳಿ ಕಳಿಸಿದ್ದಾರೆ. ಹುಡುಗರ ಕೈಗೆ ಗಾಡಿ ಕೊಡುವುದಿಲ್ಲ.

ಖರ್ಚು ಹೀಗಾಯಿತು. ಬಿಲ್ ಸಮೇತ ಕೊಂಡ ಜಿಪ್ಸಿ ಎಂಜಿನ್ ಮತ್ತು ಗೇರ್‌ಬಾಕ್ಸ್ 62,000. ಅದಕ್ಕೆ ರಿಂಗು, ಬೇರಿಂಗು, ಆಯಿಲ್ ಸೀಲು, ಹೊಸ ಟೈಮಿಂಗ್ ಬೆಲ್ಟ್, ಹೆಡ್ ಕೆಲಸ ಸೇರಿ 21,500. ರೇಡಿಯೇಟರ್ 8,500, ಶಾಫ್ಟ್ ಕತ್ತರಿಸಿ ಬ್ಯಾಲೆನ್ಸ್ ಮಾಡಿಸಿದ್ದು 5,800, ಸೈಲೆನ್ಸರ್ ಪೈಪು 6,200, ವೈರಿಂಗ್ 12,000, ಕೂಲಿ 48,000. ಬ್ರೇಕ್ ಕಿಟ್ ಬಿಟ್ಟು 1,64,000, ಸೇರಿಸಿದರೆ 2,42,000. ಅವರು ಮೊದಲು ಹೇಳಿದ್ದು ಕಿಟ್ ಬಿಟ್ಟು ಒಂದೂವರೆ ಲಕ್ಷ. ಹದಿನಾಲ್ಕು ಸಾವಿರ ಜಾಸ್ತಿ ಆಗಿದ್ದಕ್ಕೆ ಪ್ರತಿಯೊಂದಕ್ಕೂ ಕಾರಣ ಹೇಳಿದರು, ಹಳೆ ಸಾಮಾನು ತೋರಿಸಿದರು. ಆದರೆ ಬರೆದು ಕೊಡುವ ಅಭ್ಯಾಸ ಅವರಿಗಿಲ್ಲ. ನಾನೇ ನೋಟ್‌ಬುಕ್ ಇಟ್ಟು, ಪ್ರತಿ ಸಲ ದುಡ್ಡು ಕೊಟ್ಟಾಗ ಅವರ ಸಹಿ ಹಾಕಿಸಿದೆ. ನೀವೂ ಹಾಗೆ ಮಾಡಿ.

ಕಾಗದ ಪತ್ರದ ವಿಷಯ ಬಹಳ ಮುಖ್ಯ. ಗಾಡಿಯ ವಿವರ ಕಂಪನಿ ಕೊಟ್ಟದ್ದಕ್ಕಿಂತ ಬೇರೆಯಾಗುವ ಹಾಗೆ ಬದಲಾಯಿಸಬಾರದು ಅಂತ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುತ್ತೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಬಿಗಿಯಾಗಿಯೇ ಹೇಳಿದೆ. ನಾನು ಎಂಜಿನ್ ಇಳಿಸುವ ಮೊದಲೇ ಆರ್‌ಟಿಒಗೆ ಅರ್ಜಿ ಕೊಟ್ಟೆ, ಜಿಪ್ಸಿ ಎಂಜಿನ್ನಿನ ಬಿಲ್ಲು, ಮೂಲ ಆರ್‌ಸಿ ಎಲ್ಲ ಇಟ್ಟೆ. ಲಿಖಿತ ಅನುಮತಿ ಬರಲು ನಾಲ್ಕು ತಿಂಗಳು ಹಿಡಿಯಿತು. ಅದರ ಜೆರಾಕ್ಸ್ ಕೈಗೆ ಬರುವವರೆಗೆ ಚಾಚಾ ಪಾನಾ ಮುಟ್ಟಲಿಲ್ಲ. ನನಗೆ ಸಿಕ್ಕಿತು ಅಂದ ಮಾತ್ರಕ್ಕೆ ಎಲ್ಲರಿಗೂ ಸಿಗುತ್ತೆ ಅಂತ ತಿಳಿಯಬೇಡಿ. ಮೊದಲು ಕೇಳಿ, ಕಾಗದ ಕೈಗೆ ಬಂದ ಮೇಲೆ ಗಾಡಿ ಬಿಚ್ಚಿಸಿ. ಇನ್ಶೂರೆನ್ಸ್‌ನವರಿಗೂ ತಿಳಿಸಿ.

ಇನ್ನೊಂದು ಇದೆ. 2021ರಲ್ಲಿ ಬಂದ ನಿಯಮದ ಪ್ರಕಾರ 50 ವರ್ಷ ದಾಟಿದ ಗಾಡಿಗೆ ವಿಂಟೇಜ್ ನೋಂದಣಿ ಮಾಡಿಸಬಹುದು, ನಂಬರ್ ಪ್ಲೇಟಿನಲ್ಲಿ ‘ವಿಎ’ ಅಂತ ಬರುತ್ತೆ. ಆದರೆ ಗಾಡಿ ಮೂಲ ರೂಪದಲ್ಲಿರಬೇಕು, ಚಾಸಿ, ಬಾಡಿ, ಎಂಜಿನ್ ಬದಲಾಗಿರಬಾರದು. ಎಂಜಿನ್ ಬದಲಿಸಿದರೆ ಆ ಬಾಗಿಲು ಮುಚ್ಚಿತು. ಇದನ್ನು ಯೋಚಿಸುತ್ತಾ ನಾನು ಹತ್ತು ದಿನ ಕಳೆದೆ. ಗಾಡಿ ಪ್ರದರ್ಶನಕ್ಕೆ ಬೇಕಾದವರು ಹಳೆ ಎಂಜಿನ್ನನ್ನೇ ಕಟ್ಟಿಸಿ. ಅದೂ ದೊಡ್ಡ ಕೆಲಸ, ಅದರ ಮೇಲೆ ನನಗೆ ಗೌರವ ಇದೆ. ನನಗೆ ಪ್ರತಿ ಭಾನುವಾರ ಗದಗಕ್ಕೆ ಹೋಗುವ ಗಾಡಿ ಬೇಕಿತ್ತು.

ಒಂದನ್ನು ಮಾತ್ರ ಕಳೆದುಕೊಂಡೆ. ಮೈನರ್‌ನಲ್ಲಿ ಆಕ್ಸಿಲರೇಟರ್ ಬಿಟ್ಟಾಗ ಸೈಲೆನ್ಸರ್‌ನಿಂದ ಪರ್ ಪರ್ ಅಂತ ಒಂದು ಸದ್ದು ಬರುತ್ತಿತ್ತು. ಬೇರೆ ಯಾವ ಗಾಡಿಗೂ ಆ ಸದ್ದಿಲ್ಲ. ಅಪ್ಪ ಓಣಿಯ ತಿರುವಿನಲ್ಲಿ ಕಾಲು ತೆಗೆದರೆ ಅವ್ವ ಅಡುಗೆ ಮನೆಯಲ್ಲಿ ಚಹಾಕ್ಕೆ ನೀರಿಡುತ್ತಿದ್ದಳು. ಹೊಸ ಎಂಜಿನ್ ಹಾಕಿಸಿ ಮೊದಲ ಸಲ ಗದಗಕ್ಕೆ ಹೋದಾಗ ಅವಳು ಹೊರಗೇ ಬರಲಿಲ್ಲ, ನಾನು ಬಾಗಿಲು ಬಡಿದ ಮೇಲೆ ಬಂದಳು. “ಸದ್ದು ಬ್ಯಾರೆ ಆಗೇತಲ್ಲವಾ, ನಾ ಯಾರೋ ಅಂದ್ಕೊಂಡೆ” ಅಂದಳು. ಆಮೇಲೆ ಹೋಗಿ ತನ್ನ ಸೀಟಿನಲ್ಲಿ ಕೂತು, ಕಿಟಕಿ ಗಾಜು ಇಳಿಸಿ, ಒಂದು ಸುತ್ತು ಹಾಕಿಸು ಅಂದಳು. ಬೆಟಗೇರಿವರೆಗೆ ಹೋಗಿ ಬಂದೆವು.

ಚಾಚಾ ಬೆಳಿಗ್ಗೆ ಹತ್ತರ ಮೇಲೆ ಸಿಗುತ್ತಾರೆ. ಶುಕ್ರವಾರ ಮಧ್ಯಾಹ್ನ ಇರುವುದಿಲ್ಲ. ಒಂದು ಸಲಕ್ಕೆ ಒಂದೇ ಇಂಥ ಕೆಲಸ ಹಿಡಿಯುತ್ತಾರೆ, ಈಗ ಒಂದು ಸ್ಟ್ಯಾಂಡರ್ಡ್ ಹೆರಾಲ್ಡ್ ಬಂದು ನಿಂತಿದೆ. ನನ್ನ ಸ್ಪೀಡೋಮೀಟರ್‌ಗೆ ಶಾಫ್ಟಿನ ಮೇಲೆ ಸೆನ್ಸರ್ ಕೂರಿಸಿ, ಹಳೆ ಮೀಟರಿನ ಮುಳ್ಳನ್ನೇ ಓಡಿಸುವ ದಾರಿ ಹುಡುಕಿದ್ದೇನೆ ಅಂತ ಮೊನ್ನೆ ಹೇಳಿದರು. ಬುಧವಾರ ಶಾಲೆ ಬಿಟ್ಟ ಮೇಲೆ ಗಾಡಿ ಬಿಟ್ಟು ಬರುತ್ತೇನೆ.